ಹದಿಮೂರನೇ ಕಂತಿನ ಬಾಗಿಲು

‘ತೋರಸ್ತೇನಿ ಬಿಡ್ರಿ’ ಎಂದು ಜಂಬದಿಂದ ಹೇಳಿ ಫೋನ್ ಇಟ್ಟ ಮೇಲೆ ನನಗೆ ಬೆವರು ಬಂತು. ತೋರಿಸಬೇಕಾದದ್ದು ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಆ ಕಡೆಯಿಂದ ಮಾತಾಡಿದವರು ಧಾರವಾಡದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತು ವರ್ಷದ ಹಿಂದೆ ಟಿವಿಯಲ್ಲಿ ಬಂದಿದ್ದ ‘ಅಕ್ಕನ ಬಾಗಿಲು’ ಎಂಬ ಧಾರಾವಾಹಿಯನ್ನು ಇವತ್ತಿಗೂ ಮರೆಯದ ಒಂದು ಬಳಗವಿದೆ, ಅದಕ್ಕೆ ಈ ಮೇಡಂ ಯಜಮಾನಿ. ಕಥೆ ಸಣ್ಣದು. ಇಳಕಲ್ಲಿನ ನೇಕಾರ ಹೆಣ್ಣುಮಗಳೊಬ್ಬಳು ಮಾತು ಬಿಟ್ಟ ಅಕ್ಕನಿಗೆಂದು ಒಂದು ಸೀರೆ ನೇಯುತ್ತಾಳೆ. ಅದನ್ನು ಬಗಲಲ್ಲಿಟ್ಟುಕೊಂಡು ಬಾಗಲಕೋಟೆಗೆ ಹೊರಡುತ್ತಾಳೆ. ಬಸ್ಸು ಹತ್ತಿ ಕೂತರೆ ಸಂಜೆಯೊಳಗೆ ಮುಟ್ಟುವ ದಾರಿ, ಆದರೆ ಧೈರ್ಯ ಸಾಲದೆ ಹುನಗುಂದದಲ್ಲಿ ಇಳಿಯುತ್ತಾಳೆ, ಅಮೀನಗಡದಲ್ಲಿ ಇಳಿಯುತ್ತಾಳೆ, ದಾರಿ ಬಿಟ್ಟು ಬಾದಾಮಿಗೂ ಹೋಗುತ್ತಾಳೆ. ಹದಿಮೂರನೇ ಕಂತಿನಲ್ಲಿ ಅಂತೂ ಅಕ್ಕನ ಮನೆ ಮುಂದೆ ನಿಂತು ಬಾಗಿಲು ಬಡಿಯುತ್ತಾಳೆ. ಒಳಗಿನಿಂದ ಚಿಲಕದ ಸಪ್ಪಳ ಕೇಳಿಸುತ್ತದೆ. ಅಲ್ಲಿಗೆ ಧಾರಾವಾಹಿ ಮುಗಿಯಿತು.

ಬಾಗಿಲು ತೆರೆಯಿತೋ ಇಲ್ಲವೋ ತೋರಿಸಲಿಲ್ಲ. ಅದು ಚಿಲಕ ತೆಗೆದ ಸಪ್ಪಳವೋ, ಹಾಕಿಕೊಂಡ ಸಪ್ಪಳವೋ ಎಂದು ಬಳಗದವರು ಅಂದಿನಿಂದ ಕಿತ್ತಾಡುತ್ತಿದ್ದಾರೆ. ಮೇಡಂ ‘ತೆರೆಯಲಿಲ್ಲ’ ಎನ್ನುವವರ ಪಕ್ಷ. ಅವರ ಸ್ವಂತ ತಂಗಿ ‘ತೆರೆಯಿತು’ ಎನ್ನುವವರ ಪಕ್ಷ. ಈಗ ಇಪ್ಪತ್ತೆರಡು ಮಂದಿ ಕೂಡಿ ಚಿತ್ರೀಕರಣವಾದ ಜಾಗಗಳನ್ನೆಲ್ಲ ನೋಡಲು ಬರುವವರಿದ್ದರು, ಮೂರು ವಾರ ಬಿಟ್ಟು, ಒಂದು ಭಾನುವಾರ.

“ಉಳಿದದ್ದು ಒಂದೆರಡು ಕಾಣಲಿಲ್ಲಂದ್ರ ನಡೀತೈತಿ. ಬಾಗಲಾ ಕಾಣಬೇಕು. ಬಾಗಲಾ ಇಲ್ಲಂದ್ರ ನಾವು ಯಾಕ ಬರಬೇಕ್ರಿ?” ಎಂದು ಮೇಡಂ ಕೇಳಿದಾಗಲೇ ನಾನು ಆ ಮಾತು ಕೊಟ್ಟದ್ದು.

ನಾನು ಬಾದಾಮಿಯಲ್ಲಿ ಗೈಡ್. ಗುಹೆಗಳ ಮುಂದೆ ನಿಂತು ಶಿಲ್ಪ ವಿವರಿಸುವುದು ನನ್ನ ಹೊಟ್ಟೆಪಾಡು. ಹುಟ್ಟಿದ್ದು ಹುನಗುಂದದಲ್ಲಿ, ಆದ್ದರಿಂದ ಈ ಸೀಮೆಯ ಕಲ್ಲು ಕಲ್ಲೂ ಗೊತ್ತು ಎಂಬ ಸೊಕ್ಕು ಮೊದಲಿನಿಂದ ಇದೆ. ಧಾರಾವಾಹಿಯ ಜಾಗ ಹುಡುಕುವ ಕೆಲಸ ಒಪ್ಪಿಕೊಂಡೆ ಎಂದು ಗೊತ್ತಾದ ದಿನವೇ ನನ್ನ ಜೊತೆಯ ಗೈಡುಗಳು ನನಗೆ ‘ಟಿವಿ ಅಕ್ಕಾರು’ ಎಂದು ಹೆಸರಿಟ್ಟರು. ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮಾಡಿಯೇ ತೋರಿಸಬೇಕು ಎಂದು ಆಗಲೇ ಹಲ್ಲು ಕಚ್ಚಿದೆ.

ಮೊದಲ ನಾಲ್ಕು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ಯಾರೋ ಪುಣ್ಯಾತ್ಮರು ಹಳೆಯ ವಿಡಿಯೊ ಕ್ಯಾಸೆಟ್ಟಿನಿಂದ ಹದಿಮೂರೂ ಕಂತುಗಳನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ಚಿತ್ರ ಮಸುಕು, ಮೇಲೆ ಕೆಳಗೆ ಗೆರೆ ಓಡುತ್ತಿತ್ತು. ಕ್ಷಣ ಕ್ಷಣಕ್ಕೆ ನಿಲ್ಲಿಸಿ, ಹಿನ್ನೆಲೆ ಚೆನ್ನಾಗಿ ಕಾಣುವ ನಲವತ್ತು ಚಿತ್ರ ಆರಿಸಿದೆ. ಫೋಟೊ ಸ್ಟುಡಿಯೊದಲ್ಲಿ ದೊಡ್ಡದಾಗಿ ಹಾಕಿಸಿದೆ. ಪ್ರತಿಯೊಂದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೆ: ನೆರಳು ಯಾವ ಕಡೆ ಬಿದ್ದಿದೆ, ಬಿಸಿಲು ಮುಂಜಾನೆಯದೋ ಸಂಜೆಯದೋ, ಹಿಂದೆ ಗುಡ್ಡದ ಅಂಚು ಹೇಗಿದೆ. ಗಿಡ, ಅಂಗಡಿಯ ಬೋರ್ಡು, ಗೋಡೆಯ ಬಣ್ಣ ಇವು ಬದಲಾಗುವಂಥವು, ಅವನ್ನು ನಂಬಬಾರದು. ಗುಡ್ಡ, ದಿಕ್ಕು, ಮನೆ ನಿಂತ ಜಾಗ ಇವು ಬದಲಾಗುವುದಿಲ್ಲ, ಅವನ್ನೇ ಹಿಡಿಯಬೇಕು. ಇದು ನಾನೇ ಮಾಡಿಕೊಂಡ ನಿಯಮ. ಬಹಳ ಬುದ್ಧಿವಂತಳು ಎಂದುಕೊಂಡಿದ್ದೆ.

ನಿಯಮ ಮೊದಮೊದಲು ಚೆನ್ನಾಗಿಯೇ ನಡೆಯಿತು. ಬಾದಾಮಿಯ ಕೆರೆಯ ಮೆಟ್ಟಿಲು ಗುರುತಿಸಲು ನನಗೆ ಅರ್ಧ ನಿಮಿಷ ಸಾಕಾಯಿತು. ಧಾರಾವಾಹಿಯಲ್ಲಿ ಅಲ್ಲಿ ಸೂರ್ಯ ಮುಳುಗುತ್ತಿದ್ದಾನೆ ಎಂದು ತೋರಿಸಿದ್ದಾರೆ, ಆದರೆ ಬಂಡೆಯ ನೆರಳು ನೋಡಿದರೆ ಅದು ಅಪ್ಪಟ ಮುಂಜಾನೆ. ಮೂವತ್ತು ವರ್ಷ ಯಾರೂ ಹಿಡಿಯದ ಈ ತಪ್ಪು ಹಿಡಿದೆನೆಂದು ಒಂದು ದಿನವೆಲ್ಲ ಹಿಗ್ಗಿದೆ.

ಇಳಕಲ್ಲಿನ ಮಗ್ಗದ ಮನೆಗೆ ಎರಡು ದಿನ ಹಿಡಿಯಿತು. ಓಣಿಗಳಲ್ಲಿ ಚಿತ್ರ ಹಿಡಿದು ಅಲೆದೆ. ಕೊನೆಗೆ ಒಬ್ಬ ಹಿರಿಯ ನೇಕಾರರು ಕನ್ನಡಕ ಏರಿಸಿ ನೋಡಿ, “ಇದು ನಮ್ಮ ಕಾಕಾನ ಮಗ್ಗರಿ. ಈಕಿ ಲಾಳಿ ಒಗಿಯೂದ ನೋಡ್ರಿ, ಸೀರಿ ನೇಯಾಕಿ ಅಲ್ಲ ಈಕಿ, ನಟನಿ ಮಾಡಾಕತ್ತಾಳ” ಎಂದು ನಕ್ಕರು. ಮಗ್ಗ ಇಳಿಸಿದ್ದ ನೆಲದ ಗುಂಡಿಯನ್ನು ಮುಚ್ಚಿ ಈಗ ಮೇಲೆ ಮಂಚ ಹಾಕಿದ್ದಾರೆ. ಮಂಚ ಸರಿಸಿ ತೋರಿಸಲು ಒಪ್ಪಿದರು. ಹುನಗುಂದದ ಬಸ್ ನಿಲ್ದಾಣದ ಬೇವಿನ ಕಟ್ಟೆಯಂತೂ ನಾನು ಸಣ್ಣವಳಿದ್ದಾಗ ಕೂತು ಐಸ್‌ಕ್ಯಾಂಡಿ ತಿಂದ ಕಟ್ಟೆ.

ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಯಜಮಾನರು ಚಿತ್ರ ನೋಡಿದವರೇ ಎದ್ದು ನಿಂತರು. ನಾಯಕಿಗೆ ಕರದಂಟು ತೂಗಿ ಕೊಡುತ್ತಿರುವವರು ಅವರ ತೀರಿಹೋದ ತಂದೆ. ನನ್ನ ಕೈಯಿಂದ ಆ ಚಿತ್ರ ತೆಗೆದುಕೊಂಡು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು, ವಾಪಸು ಕೊಡಲಿಲ್ಲ. ಬದಲಿಗೆ ಒಂದು ಪೊಟ್ಟಣ ಕರದಂಟು ಕಟ್ಟಿಕೊಟ್ಟರು. ಉಳಿದ ಚಿತ್ರಗಳನ್ನೂ ನೋಡುತ್ತ ಬಾಗಿಲಿನ ಚಿತ್ರಕ್ಕೆ ಬಂದಾಗ, “ಬೇವೂರಾಗ ನಮ್ಮ ಬೀಗರ ಮನಿಗೆ ಇಂಥಾದs ಬಾಗಲಾ ಐತಲ್ರಿ” ಎಂದರು. ಆಗಲೇ ಫೋನ್ ಮಾಡಿ ಫೋಟೊ ತರಿಸಿದರು.

ನೋಡಿದೆ. ಸಿಮೆಂಟಿನ ಮನೆ. ಬಾಗಿಲಿಗೆ ಕಣ್ಣು ಕುಕ್ಕುವ ನೀಲಿ ಬಣ್ಣ. ಯಾವ ದಿಕ್ಕಿಗಿದೆ ಎಂದು ಕೇಳಿದೆ, ಉತ್ತರ ಎಂದರು. ನಮ್ಮ ಧಾರಾವಾಹಿಯ ಬಾಗಿಲು ಪೂರ್ವಕ್ಕೆ ಮುಖ ಮಾಡಿದೆ ಎಂದು ನೆರಳಿನಿಂದ ಲೆಕ್ಕ ಹಾಕಿ ಬರೆದಿಟ್ಟಿದ್ದೆ. ಊರೂ ಬೇರೆ, ದಿಕ್ಕೂ ಬೇರೆ. “ಇದು ಅಲ್ರಿ. ಇದು ಆಗೂದs ಇಲ್ಲ” ಎಂದು ಅವರಿಗೆ ಪಾಠ ಮಾಡಿ ಬಂದೆ. ಅವರು ಪಾಪ, “ಹೌದೇನ್ರಿ” ಎಂದು ಫೋನನ್ನು ಕಿಸೆಗೆ ಹಾಕಿಕೊಂಡರು.

ಹೀಗೆ ಹತ್ತು ಜಾಗ ಸಿಕ್ಕವು. ಉಳಿದದ್ದು ಹನ್ನೊಂದನೆಯದು, ಬಾಗಿಲು. ಕೈಯಲ್ಲಿ ಹತ್ತು ದಿನ ಇತ್ತು.

ಬಾಗಲಕೋಟೆಯಲ್ಲಿ ನನ್ನ ಕಾರಿನ ಚಾಲಕರು ಐವತ್ತು ದಾಟಿದ ಒಬ್ಬ ಚಾಚಾ. ಅವರ ಊರು ನದಿ ದಂಡೆಯದು, ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿ, ಈಗ ಅವರು ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದಲ್ಲಿ ಇದ್ದಾರೆ. ನಾನು ಚಿತ್ರಗಳನ್ನು ಹಿಡಿದು ಗೊಣಗುವುದನ್ನು ನೋಡುತ್ತ ಸುಮ್ಮನೆ ಕಾರು ಓಡಿಸುತ್ತಿದ್ದರು. ಕೇಳದೆ ಮಾತಾಡುವ ಸ್ವಭಾವ ಅವರದಲ್ಲ, ಕೇಳುವ ಸ್ವಭಾವ ನನ್ನದಲ್ಲ.

ಹಳೇ ಬಾಗಲಕೋಟೆಯ ಹೊಳೆ ಕಡೆಯ ಓಣಿಯನ್ನು ಮೂರನೆಯ ದಿನ ಹಿಡಿದೆ. ಧಾರಾವಾಹಿಯಲ್ಲಿ ಬಾಗಿಲಿನ ಪಕ್ಕ ಒಂದು ಕಲ್ಲಿನ ಕಟ್ಟೆ ಇದೆ, ಅದರ ಮೇಲೆ ಯಾರೋ ಹುಲಿಕಟ್ಟಿನ ಆಟದ ಗೆರೆ ಕೊರೆದಿದ್ದಾರೆ. ಬಳ್ಳಾರಿ ಜಾಲಿಯ ಮುಳ್ಳಿನಲ್ಲಿ ಸೀರೆ ಹರಿದುಕೊಂಡು ಒಳಗೆ ನುಗ್ಗಿ, ಮಣ್ಣು ಕೆರೆದೆ. ಅದೇ ಗೆರೆ. ಅದೇ ಕಟ್ಟೆ. ಪೂರ್ವಕ್ಕೆ ಮುಖ. ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಕಟ್ಟೆಯ ಪಕ್ಕ ಮನೆಯೇ ಇರಲಿಲ್ಲ. ಎರಡು ಸಾಲು ಬುನಾದಿಯ ಕಲ್ಲು, ಅದರಾಚೆ ಹಿನ್ನೀರು. ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ.

ಆಮೇಲಿನ ಐದು ದಿನ ನವನಗರದ ಸೆಕ್ಟರು ಸೆಕ್ಟರು ಸುತ್ತಿದೆ. ಆ ಓಣಿಯಿಂದ ಎದ್ದು ಬಂದ ಮನೆತನಗಳನ್ನು ಹುಡುಕಿ ಹುಡುಕಿ ಚಿತ್ರ ತೋರಿಸಿ, ಈ ಮನೆ ಏನಾಯಿತು ಎಂದು ಕೇಳಿದೆ. ಎಲ್ಲರದೂ ಒಂದೇ ಉತ್ತರ. “ಆ ಮನಿ ಬಿಚ್ಚಿದ್ರಲ್ರಿ, ಮುಳುಗಡಿ ಆತು.” ಇನ್ನೊಬ್ಬರು, “ಅಲ್ಲೇನ ಐತ್ರಿ ಈಗ, ನೀರು” ಎಂದರು. ಚಹಾ ಕೊಟ್ಟರು, ಹಳೆಯ ಊರಿನ ನೆನಪು ತೆಗೆದರು, ಕೆಲವರು ಕಣ್ಣೊರೆಸಿಕೊಂಡರು. ನನ್ನ ಪುಸ್ತಕದಲ್ಲಿ ಮಾತ್ರ ‘ಇಲ್ಲ’, ‘ಇಲ್ಲ’, ‘ಇಲ್ಲ’ ಎಂದು ಸಾಲು ಬೆಳೆಯಿತು.

ಗುರುವಾರ ಬಾದಾಮಿಯಿಂದ ಜೊತೆಯ ಗೈಡೊಬ್ಬ ಫೋನ್ ಮಾಡಿದ. ಕೀಟಲೆಯವನಾದರೂ ಮನಸ್ಸು ಒಳ್ಳೆಯದು.

“ಟಿವಿ ಅಕ್ಕಾರ, ಯಾಕ ಜೀವಾ ತಿನ್ಕೋತೀರಿ? ಬಾಗಲಕೋಟಿ ಹಳೇ ಪ್ಯಾಟ್ಯಾಗ ಇನ್ನೂ ನಾಕಾರು ಕೆತ್ತಿದ ಬಾಗಲಾ ಅದಾವು. ಒಂದಕ್ಕ ಮಾವಿನ ತೋರಣ ಕಟ್ಟಿ ತೋರಿಸ್ರಿ. ಮಸಕು ಚಿತ್ರದಾಗ ಯಾರಿಗೆ ಗೊತ್ತಾಗತೈತಿ?”

“ನನಗ ಗೊತ್ತಾಗತೈತಲ್ಲ.”

“ನಿಮಗ ಒಬ್ಬಾಕಿಗೆ ಗೊತ್ತಾದ್ರ ಏನಾತು?”

ಸಿಟ್ಟು ಬಂದು ಫೋನ್ ಇಟ್ಟೆ. ಖರೆ ಹೇಳಬೇಕೆಂದರೆ, ಸಿಟ್ಟು ಬಂದದ್ದು ಆ ಮಾತು ನನಗೂ ಹೊಳೆದಿತ್ತು ಎಂಬುದಕ್ಕೆ. ಮುಂಜಾನೆ ಹಳೇ ಪೇಟೆಯ ಒಂದು ಬಾಗಿಲಿನ ಫೋಟೊವನ್ನು ನಾನೇ ತೆಗೆದುಕೊಂಡು ಬಂದಿದ್ದೆ. ಅದನ್ನು ಫೋನಿನಿಂದ ಅಳಿಸಿದೆ. ಭಾನುವಾರ ಬರಿಯ ಕಟ್ಟೆ ತೋರಿಸಿ, ಸೋತೆ ಎಂದು ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿ ಚಾಚಾ ಅವರಿಗೆ ಹೇಳಿದೆ, “ನಡೀರಿ ಚಾಚಾ, ಬಾದಾಮಿಗೆ. ಮುಗೀತು.”

ಅವರು ಗಾಡಿ ಶುರು ಮಾಡಲಿಲ್ಲ. “ಒಂದು ಮಾತು ಹೇಳ್ಲೇನ್ರಿ ಅಕ್ಕಾರ?” ಎಂದರು.

“ಹೇಳ್ರಿ.”

“ನೀವು ಇಷ್ಟು ದಿನಾ ಮಂದಿಗೆ ಮನಿ ಕೇಳಾಕತ್ತೀರಿ. ಮನಿ ಹೋಗೇತಿ, ಅದಕ್ಕ ಅವರು ‘ಹೋತು’ ಅಂತಾರ. ಬಾಗಲಾ ಕೇಳ್ರಿ.”

“ಮನಿನs ಹೋದ ಮ್ಯಾಲೆ ಬಾಗಲಾ ಎಲ್ಲಿಂದ ಬರಬೇಕು?”

ಚಾಚಾ ನನ್ನ ಕಡೆ ತಿರುಗಿ ಕೂತರು. ಇಷ್ಟು ಓದಿದ ಹೆಂಗಸಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದರು. “ಮುಳುಗಡಿ ಮಂದಿ ಬಾಗಲಾ ಬಿಟ್ಟು ಬರ್ತಾರೇನ್ರಿ? ಗ್ವಾಡಿ ಬಿಡ್ತಾರ. ಹೊಲಾ ಬಿಡ್ತಾರ. ಬಾಗಲಾ ಬಿಡೂದಿಲ್ಲ. ನಮ್ಮ ಅಪ್ಪ ಚೌಕಟ್ಟು ಸುದ್ದಾ ಕಿತ್ತು ಟ್ರ್ಯಾಕ್ಟರ್‌ನ್ಯಾಗ ಹೇರಿದ. ಅದರ ಮ್ಯಾಲ ನಾನs ಕುಂತು ಬಂದೇನಿ. ಹೊಸಾ ಮನಿಗೆ ಮೊದಲ ಬಾಗಲಾ ನಿಲ್ಲಿಸಿ, ಆಮ್ಯಾಲ ಗ್ವಾಡಿ ಕಟ್ಟಿದ್ವಿ.”

ನನಗೆ ಕೆನ್ನೆಗೆ ಹೊಡೆದಂತಾಯಿತು. ಹುನಗುಂದದಲ್ಲಿ ನಮ್ಮ ಮನೆ ನಿಂತಲ್ಲೇ ನಿಂತಿದೆ, ಅದಕ್ಕೇ ಮನೆ ನಿಂತ ಜಾಗ ಬದಲಾಗುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೆ. ಅರ್ಧ ಜಿಲ್ಲೆಯ ಬಾಗಿಲುಗಳು ಟ್ರ್ಯಾಕ್ಟರು ಹತ್ತಿ ಊರು ಬದಲಿಸಿದ್ದು ನನ್ನ ಲೆಕ್ಕದಲ್ಲಿ ಬಂದಿರಲೇ ಇಲ್ಲ.

“ಇದನ್ನ ಮೊದಲ ಯಾಕ ಹೇಳಲಿಲ್ರಿ?”

“ನೀವು ಕೇಳಲಿಲ್ರಿ” ಎಂದು ಗಾಡಿ ಶುರು ಮಾಡಿದರು.

ಶುಕ್ರವಾರ ಮಧ್ಯಾಹ್ನ ಚಾಚಾ ನಮಾಜು ಮುಗಿಸಿ ಬಂದ ಮೇಲೆ ನವನಗರದ ಒಬ್ಬ ಹಿರಿಯ ಬಡಿಗರ ಮನೆಗೆ ಕರೆದುಕೊಂಡು ಹೋದರು. ಮುಳುಗಡೆಯಿಂದ ಬಂದ ಬಾಗಿಲುಗಳನ್ನು ಹೊಸ ಮನೆಗಳಿಗೆ ಕೂರಿಸಿದವರು ಅವರೇ. ಹಳೆಯ ಚೌಕಟ್ಟು ಎತ್ತರ, ಹೊಸ ಮನೆಗಳ ಗೋಡೆ ಗಿಡ್ಡ. ಚೌಕಟ್ಟು ಕೊಯ್ಯಲು ಮನೆಯವರು ಬಿಡುತ್ತಿರಲಿಲ್ಲ, ಅದಕ್ಕೆ ಎಷ್ಟೋ ಮನೆಗಳಲ್ಲಿ ಗೋಡೆಯನ್ನೇ ಏರಿಸಬೇಕಾಯಿತಂತೆ. ಈ ಸಲ ನಾನು ಮನೆಯ ಚಿತ್ರ ತೋರಿಸಲಿಲ್ಲ. ಬಾಗಿಲಿನ ಬಲಗಡೆಯ ಕಂಬದಲ್ಲಿ ಕೆತ್ತಿದ ಒಂದು ಗಿಣಿಯ ಚಿತ್ರ ತೋರಿಸಿದೆ. ಗಿಣಿಯ ಕೊಕ್ಕು ಮುರಿದಿತ್ತು.

ಬಡಿಗರು ಚಿತ್ರವನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಗಿಣಿಯನ್ನು ಸವರಿದರು.

“ಇದನ್ನ ನಾನs ಕೂಡ್ರಿಸೇನಿ. ಇಲ್ಲೆ ಅಲ್ಲ. ಇಲ್ಲಿ ಆ ಮನಿಯವರಿಗೆ ಸಣ್ಣ ಜಾಗಾ ಸಿಕ್ತು, ಬಾಗಲಾ ಹಿಡೀಲಿಲ್ಲ. ಅವರ ತಮ್ಮ ತನ್ನ ಊರಿಗೆ ಒಯ್ದ.”

“ಯಾವ ಊರ್ರಿ?”

“ಬೇವೂರು.”

ನಾನು ಚಾಚಾ ಅವರ ಮುಖ ನೋಡಲಿಲ್ಲ. ನೋಡಿದ್ದರೆ ಅವರು ನಕ್ಕಿರುತ್ತಿದ್ದರು. ಅಮೀನಗಡದ ಯಜಮಾನರು ಹತ್ತು ದಿನದ ಹಿಂದೆ ತಂದು ಕೈಯಲ್ಲಿಟ್ಟದ್ದನ್ನು ದಿಕ್ಕು ತಪ್ಪು, ಬಣ್ಣ ತಪ್ಪು ಎಂದು ಪಾಠ ಮಾಡಿ ತಿರುಗಿಸಿ ಬಂದಿದ್ದೆ. ಬಣ್ಣವನ್ನು ನಂಬಬಾರದು ಎಂದು ನಾನೇ ಬರೆದ ನಿಯಮವನ್ನೂ ಆ ನೀಲಿ ಕಂಡ ಕೂಡಲೇ ಮರೆತಿದ್ದೆ. ಫೋನ್ ಮಾಡಿ ಅವರಿಗೆ ತಪ್ಪಾಯಿತು ಎಂದೆ. ಅವರು ತಣ್ಣಗೆ, “ನಾನೂ ಅದನ್ನs ಹೇಳಿದ್ನೆಲ್ರಿ. ನಡೀರಿ, ಬೀಗರಿಗೆ ಫೋನ್ ಹಚ್ತೇನಿ” ಎಂದರು.

ಬೇವೂರಿಗೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಓಣಿಯ ತುದಿಗೆ ಸಿಮೆಂಟಿನ ಮನೆ, ಅದಕ್ಕೆ ಮೀರಿದ ಎತ್ತರದ ನೀಲಿ ಬಾಗಿಲು, ಉತ್ತರಕ್ಕೆ ಮುಖ. ಮನೆಯವರು ಅರವತ್ತರ ಆಸುಪಾಸಿನ ಒಬ್ಬ ತಾಯಿ. ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಮೊರ. ಬಲಗಡೆಯ ಕಂಬದ ಮುಂದೆ ಮಂಡಿಯೂರಿ ಕೂತೆ. ನೀಲಿ ಬಣ್ಣದ ಕೆಳಗೆ ಗಿಣಿ. ಬೆರಳಿಟ್ಟು ನೋಡಿದೆ. ಕೊಕ್ಕು ಇರಲಿಲ್ಲ.

ಇನ್ನೊಂದು ಪರೀಕ್ಷೆ ಉಳಿದಿತ್ತು. “ಅವ್ವಾರ, ಒಳಗ ಹೋಗಿ ಒಮ್ಮೆ ಚಿಲಕಾ ಹಾಕ್ರಿ. ಆಮ್ಯಾಲ ತಗೀರಿ” ಎಂದೆ. ಫೋನಿನಲ್ಲಿ ಹದಿಮೂರನೇ ಕಂತಿನ ಕೊನೆಯ ಸಪ್ಪಳ ತೆಗೆದು ಕಿವಿಗೆ ಹಿಡಿದುಕೊಂಡೆ. ಅದು ಮೊದಲು ಕಿರ್ ಎಂದು, ಆಮೇಲೆ ಮರಕ್ಕೆ ಟಣ್ ಟಣ್ ಎಂದು ಎರಡು ಸಲ ಬಡಿಯುತ್ತದೆ. ನೂರು ಸಲ ಕೇಳಿದ್ದೆ.

ತಾಯಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಸರಪಳಿ ಎತ್ತಿ ಕೊಂಡಿಗೆ ಸಿಕ್ಕಿಸಿದರು. ಕಿರ್ ಎಂದಿತು, ಅಷ್ಟೇ. ಆಮೇಲೆ ತೆಗೆದರು. ಕಿರ್. ಸರಪಳಿ ಜಾರಿ ಬಿದ್ದು ಮರಕ್ಕೆ ಬಡಿಯಿತು. ಟಣ್ ಟಣ್.

ನಾನು ಓಣಿಯಲ್ಲಿ ಕುಣಿಯುವುದೊಂದು ಬಾಕಿ. ಬಾಗಿಲು ಸಿಕ್ಕಿತ್ತು, ಅದರ ಜೊತೆಗೆ ಮೂವತ್ತು ವರ್ಷದ ಜಗಳದ ಉತ್ತರವೂ ಸಿಕ್ಕಿತ್ತು. ಹಾಕುವಾಗ ಸರಪಳಿ ಮರಕ್ಕೆ ಬಡಿಯುವುದಿಲ್ಲ, ತೆಗೆಯುವಾಗ ಮಾತ್ರ ಬಡಿಯುತ್ತದೆ. ಇದನ್ನು ಬಲ್ಲವಳು ನಾನೊಬ್ಬಳೇ ಎಂಬ ಖುಷಿ ಹೊಟ್ಟೆಯಲ್ಲಿಟ್ಟುಕೊಂಡು ಎರಡು ದಿನ ತಳಮಳಿಸಿದೆ. ಯಾರಿಗೂ ಹೇಳಲಿಲ್ಲ, ಕೀಟಲೆಯ ಗೈಡಿಗೂ ಸಹ.

ಭಾನುವಾರ ಇಪ್ಪತ್ತೆರಡು ಮಂದಿಯಿದ್ದ ಬಸ್ಸು ಇಳಕಲ್ಲಿನಿಂದ ಹೊರಟಿತು. ಮೇಡಂ ಮುಂದಿನ ಸೀಟು, ಅವರ ತಂಗಿ ಹಿಂದಿನ ಸೀಟು, ದಾರಿಯುದ್ದಕ್ಕೂ ಇಬ್ಬರದೂ ವಾದ. ಅಮೀನಗಡದಲ್ಲಿ ಅಂಗಡಿಯ ಯಜಮಾನರು ತಂದೆಯ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದರು. ಬಾದಾಮಿಯ ಕೆರೆಯ ಬಳಿ ನನ್ನ ಮುಂಜಾನೆ-ಸಂಜೆಯ ಪಾಂಡಿತ್ಯ ಕೇಳಿ ಎಲ್ಲರೂ ತಲೆದೂಗಿದರು. ಬಾಗಲಕೋಟೆಯ ಜಾಲಿ ಕಂಟಿಗಳ ನಡುವೆ ಆ ಕಟ್ಟೆಯನ್ನು ತೋರಿಸಿದಾಗ ಮಾತ್ರ ಯಾರೂ ತಲೆದೂಗಲಿಲ್ಲ. ಮೇಡಂ ಬುನಾದಿಯ ಕಲ್ಲು ನೋಡಿ, ನೀರು ನೋಡಿ, ನನ್ನನ್ನು ನೋಡಿದರು.

“ಬಾಗಲಾ ತೋರಸ್ತೇನಿ ಅಂದಿದ್ರಿ.”

“ಬಸ್ ಹತ್ರಿ” ಎಂದೆ. ಅಷ್ಟು ಸುಖವಾಗಿ ಆ ಎರಡು ಮಾತನ್ನು ನಾನು ಜೀವನದಲ್ಲಿ ಹೇಳಿಲ್ಲ.

ಬೇವೂರಿನ ಓಣಿಯಲ್ಲಿ ಬಸ್ಸು ಹಿಡಿಸಲಿಲ್ಲ, ನಡೆದು ಹೋದೆವು. ನೀಲಿ ಬಾಗಿಲು ಮುಚ್ಚಿತ್ತು, ನಾನೇ ಹಾಗೆ ಹೇಳಿಟ್ಟಿದ್ದೆ. ಮೊದಲು ಯಾರಿಗೂ ಗುರುತು ಸಿಗಲಿಲ್ಲ. ಗಿಣಿಯ ಚಿತ್ರವನ್ನು ಮೇಡಂ ಕೈಗೆ ಕೊಟ್ಟು ಕಂಬ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮುರಿದ ಕೊಕ್ಕಿನ ಮೇಲೆ ಬೆರಳಿಟ್ಟರು. ಬಾಗಿಲು ಇಲ್ಲಿಗೆ ಬಂದ ಬಗೆಯನ್ನು ನಾನು ಹೇಳಲಿಲ್ಲ. ಚಾಚಾ ಅವರನ್ನು ಮುಂದೆ ಕರೆದು ಅವರಿಂದಲೇ ಹೇಳಿಸಿದೆ. ಟ್ರ್ಯಾಕ್ಟರಿನ ಮೇಲೆ ಚೌಕಟ್ಟು ಹಿಡಿದು ಕೂತು ಬಂದದ್ದನ್ನು ಅವರು ಹೇಳುವಾಗ ಬಳಗದ ಎಷ್ಟೋ ಮಂದಿ ಮೂಗೊರೆಸಿಕೊಂಡರು.

ಫೋಟೊ ತೆಗೆಯುವುದು, ನಾಲ್ಕು ಮಾತು ಹೇಳುವುದು, ಹೊರಡುವುದು, ಇದು ನಾನು ಹಾಕಿದ್ದ ಕಾರ್ಯಕ್ರಮ. ಮೇಡಂ ಅವರ ತಂಗಿ ಕಾರ್ಯಕ್ರಮ ಕೇಳಲಿಲ್ಲ. ಗುಂಪಿನಿಂದ ಮುಂದೆ ಬಂದು, ಹೊಸ್ತಿಲ ಮುಂದೆ ನಿಂತು, ಬಾಗಿಲನ್ನು ಮೂರು ಸಲ ಬಡಿದರು.

ಒಳಗಿನಿಂದ ಹೆಜ್ಜೆ ಕೇಳಿಸಿತು. ಕಿರ್. ಟಣ್ ಟಣ್.

ಮೇಡಂ ನನ್ನ ಕಡೆ ಗಕ್ಕನೆ ತಿರುಗಿದರು. ನಾನು ತಲೆಯಾಡಿಸಿದೆ. “ಹಾಕುವಾಗ ಟಣ್ ಅನ್ನೂದಿಲ್ರಿ” ಎಂದೆ. ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲೂ ತೆರೆಯಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಆ ತಾಯಿ ನಿಂತಿದ್ದರು. ಧಾರಾವಾಹಿಯ ಒಂದು ಕಂತನ್ನೂ ನೋಡದವರು ಅವರು. ಇಪ್ಪತ್ತೆರಡು ಮಂದಿಯನ್ನು ಒಮ್ಮೆ ನೋಡಿದರು, ಅಳುತ್ತಿದ್ದ ತಂಗಿಯನ್ನು ನೋಡಿದರು.

“ಯಾಕವಾ, ಹೊರಗs ನಿಂತೀರಿ? ಒಳಗ ಬರ್ರಿ. ರೊಟ್ಟಿ ಆರಾಕತ್ತಾವು.”

ಮೇಡಂ ಚಪ್ಪಲಿ ಬಿಟ್ಟರು. ತಂಗಿಯ ಮುಖ ನೋಡದೆ, ಅವರ ಬೆನ್ನ ಮೇಲೆ ಕೈಯಿಟ್ಟು, “ಆತು ಬಿಡವಾ, ನೀ ಗೆದ್ದಿ. ಮೊದಲ ನೀ ಹೋಗು” ಎಂದರು.